ದೊರೆಸಾನಿಯ ಜೊತೆ ಸೂರಿಲ್ಲದ ಮನೆಗೆ

ಬಸ್ಸಿನ ಕೊನೆಯ ನಿಲ್ದಾಣ

ಸ್ಕಾಟ್ಲೆಂಡಿನ ಬಸ್ಸಿನಲ್ಲಿ ಕಂಡಕ್ಟರು ಯಾರನ್ನೂ ಬೈಯುವುದಿಲ್ಲ. ಮೊದಮೊದಲು ಇದು ನನಗೆ ಸೋಜಿಗವೆನಿಸಿತು. ಆಮೇಲೆ ಬೇಸರ ತರಿಸಿತು. ನಮ್ಮ ಸುಂಟಿಕೊಪ್ಪದಿಂದ ಸೋಮವಾರಪೇಟೆಗೆ ಹೋಗುವ ಬಸ್ಸಿನಲ್ಲಿ ಕೋಳಿ, ಏಲಕ್ಕಿ ಮೂಟೆ, ಬಾಣಂತಿ ಎಲ್ಲ ಒತ್ತಿಕೊಂಡು ಕೂತ ಮೇಲೆ ಕಂಡಕ್ಟರು ಮೂರು ಭಾಷೆಯಲ್ಲಿ ಗದರಬೇಕು. ಆಗಲೇ ಬಸ್ಸು ಹೊರಟಿತೆಂಬ ನಂಬಿಕೆ ಬರುವುದು. ಇಲ್ಲಿ ಬಸ್ಸಿನೊಳಗೆ ದೇವಸ್ಥಾನದ ಮೌನ. ನನ್ನ ಪಕ್ಕದ ಮುದುಕ ಇಡೀ ದಾರಿಯಲ್ಲಿ ಒಂದೇ ಮಾತಾಡಿದ. ಹೊರಗೆ ಮಳೆ ಸುರಿಯುತ್ತಿರುವಾಗ "ಒಳ್ಳೆಯ ದಿನ" ಅಂದ. ನಾನೂ ಹೌದೆಂದೆ. ಇನ್ನೊಬ್ಬರ ಊರಿನಲ್ಲಿ ಮಳೆಯ ಬಗ್ಗೆ ತಕರಾರು ಮಾಡಬಾರದು.

ನಾನು ಮಡಿಕೇರಿ ಆಸ್ಪತ್ರೆಯ ನರ್ಸು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಸ್ವಲ್ಪ ಕಾಲದಲ್ಲೇ, ಹೆರಿಗೆ ಕೆಲಸದ ಹೆಚ್ಚಿನ ತರಬೇತಿಗೆಂದು ನನ್ನನ್ನು ಎಡಿನ್‌ಬರೋ ಪಟ್ಟಣಕ್ಕೆ ಕಳಿಸಿದ್ದರು. ತರಬೇತಿ ಮುಗಿದು ಹಡಗು ಹತ್ತಲು ಇನ್ನು ಕೆಲವೇ ದಿನ ಉಳಿದಿತ್ತು. ನಾನು ಊರಿನಿಂದ ಹೊರಡುವಾಗ ಅವ್ವ ಹೇಳಿದ್ದ ಒಂದು ಕೆಲಸವನ್ನು ಮಾತ್ರ ನಾನು ಹೆದರಿಕೆಯಿಂದ ಮುಂದೆ ಹಾಕುತ್ತಲೇ ಬಂದಿದ್ದೆ.

ಅದರ ಕತೆ ಇಷ್ಟು. ಸೋಮವಾರಪೇಟೆ ಕಡೆಯ ಒಂದು ಎಸ್ಟೇಟಿನಲ್ಲಿ ನಮ್ಮಪ್ಪ ಲೆಕ್ಕ ಬರೆಯುವ ರೈಟರಾಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಎಸ್ಟೇಟಿನ ಬಿಳಿಯ ದೊರೆ ತೋಟ ಮಾರಿ ಸ್ಕಾಟ್ಲೆಂಡಿಗೆ ಹೊರಟಾಗ, ಬಂಗಲೆಯ ಹಿಂದಿನ ಗುಡ್ಡದ ಒಂದು ಚೂರನ್ನು ಅಪ್ಪನಿಗೆ ಬಿಟ್ಟುಕೊಟ್ಟರು. ಅಲ್ಲಿ ಕಾಫಿ ಗಿಡಗಳ ನಡುವೆ ಒಂದು ಪುಟ್ಟ ಸಮಾಧಿ ಕಲ್ಲಿತ್ತು. "ಅದನ್ನು ಕೀಳಬೇಡ" ಎಂದಷ್ಟೇ ದೊರೆ ಹೇಳಿದ್ದರಂತೆ. ಕಲ್ಲಿನ ಮೇಲಿನ ಇಂಗ್ಲಿಷು ಅಕ್ಷರ ಪಾಚಿ ಹಿಡಿದು ಸವೆದುಹೋಗಿ, "ನಮ್ಮ ಮುದ್ದಿನ" ಎಂಬರ್ಥದ ಎರಡು ಮಾತು ಮಾತ್ರ ಉಳಿದಿತ್ತು. ದೊರೆಸಾನಿ ಸಂಜೆ ಹೊತ್ತು ಅದರ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದುದನ್ನು ಕೂಲಿ ಲೈನಿನ ಸಾಲುಮನೆಯವರು ಕಂಡಿದ್ದರು. ಆದ್ದರಿಂದ ಅದು ದೊರೆಸಾನಿಯ ಕೂಸನ್ನು ಮಣ್ಣು ಮಾಡಿದ ಜಾಗವೆಂದು ಎಲ್ಲರಿಗೂ ಗೊತ್ತಿತ್ತು.

ಗುಡ್ಡ ನಮ್ಮದಾದ ವರ್ಷದಿಂದ ಅವ್ವ ಪಕ್ಷದ ಹಬ್ಬದಲ್ಲಿ ಆ ಕೂಸಿಗೂ ಎಡೆ ಇಡುತ್ತಾ ಬಂದಿದ್ದಾಳೆ. ನಮ್ಮಲ್ಲಿ ಆ ದಿನ ಸತ್ತ ಹಿರಿಯರಿಗೆಲ್ಲ ಸಾಲಾಗಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ನಾಚಿಕೆ ಬಿಟ್ಟು ಉಣ್ಣಲಿ ಅಂತ. ಸಾಲಿನ ಕೊನೆಯಲ್ಲಿ ಕೂಸಿಗೊಂದು ಎಲೆ, ಅದರಲ್ಲಿ ಹಾಲನ್ನ, ಬೆಲ್ಲ, ಸಂತೆಯ ಬಿಸ್ಕತ್ತು. ಗಂಡೋ ಹೆಣ್ಣೋ ತಿಳಿಯದ್ದರಿಂದ ಪಕ್ಕದಲ್ಲಿ ಒಂದು ತುಂಡು ಬಿಳಿ ಬಟ್ಟೆ.

ನಾನು ಹೊರಡುವಾಗ ಅವ್ವ ಪೆಟ್ಟಿಗೆ ಕಟ್ಟುತ್ತಾ ಹೇಳಿದಳು: "ಇಷ್ಟು ವರ್ಷ 'ದೊರೆ ಕೂಸೇ, ದೊರೆ ಕೂಸೇ' ಅಂತ ಕರೀತಾ ಬಂದಿವ್ನಿ. ಹೆಸ್ರು ಕರೀದಿದ್ರೆ ಮಕ್ಕಳು ಬತ್ತಾವೇನೇ? ಪಂಕ್ತಿ ಸಿಕ್ಕೂ ಅದು ಉಪಾಸವೇ ಹೋಯ್ತಿತ್ತೋ ಏನೋ. ದೊರೆ ತೀರ್ಕಂಡ್ರೂ ದೊರೆಸಾನಿ ಇನ್ನೂ ಬದುಕವ್ರಂತಲ್ಲ. ಹೆಂಗಾರ ಮಾಡಿ ಹೆಸ್ರು ಕೇಳ್ಕಂಡು ಬಾ."

"ಹೂಂ" ಅಂದು ಬಂದುಬಿಟ್ಟಿದ್ದೆ. ಆದರೆ ಎಪ್ಪತ್ತು ದಾಟಿದ ಒಬ್ಬ ವಿಧವೆಯ ಮುಂದೆ ಕೂತು, ನಿಮ್ಮ ಸತ್ತ ಮಗುವಿನ ಹೆಸರೇನು ಅಂತ ಕೇಳುವುದು ಸಂತೆಯಲ್ಲಿ ಬದನೆಕಾಯಿ ಕೇಳಿದಷ್ಟು ಸುಲಭವಲ್ಲ. ಕೊನೆಗೆ ಅವರಿಗೊಂದು ಕಾಗದ ಹಾಕಿ ಈ ಬಸ್ಸು ಹತ್ತಿದ್ದೆ.

ದೊರೆಸಾನಿಯ ಹಜಾರ

"ಬಾ! ಕೂತ್ಕೋ! ಟೀ ಕುಡಿ! ಬೇಗ ಬೇಗ!"

ಬಾಗಿಲು ತೆಗೆದ ದೊರೆಸಾನಿ ಕನ್ನಡದಲ್ಲೇ ಕೂಗಿದಾಗ ನನಗೆ ಅಳುವೇ ಬಂದುಬಿಟ್ಟಿತು. ತಿಂಗಳುಗಟ್ಟಲೆ ಕಿವಿಗೆ ಬೀಳದ ಭಾಷೆ. ಅವರ ಕನ್ನಡವೆಲ್ಲ ಲೈನಿನಲ್ಲಿ, ಕಾಫಿ ಹಣ್ಣು ಕೀಳುವ ಪಿಕಿಂಗಿನ ದಿನಗಳಲ್ಲಿ ಕಲಿತದ್ದು. ಹೀಗಾಗಿ ಅವರಿಗೆ ಅಪ್ಪಣೆ ಕೊಡಲು ಬರುತ್ತಿತ್ತೇ ಹೊರತು ವಿಚಾರಿಸಲು ಬರುತ್ತಿರಲಿಲ್ಲ. ಸುಖ ದುಃಖ ಮಾತಾಡಬೇಕಾದಾಗ ಇಂಗ್ಲಿಷು, ಬಿಸ್ಕತ್ತು ತಿನ್ನಿಸಬೇಕಾದಾಗ ಕನ್ನಡ. "ತಿನ್ನು! ಬಿಡಬೇಡ!"

ಅಪ್ಪನ ಮಂಡಿನೋವು, ಅವ್ವನ ಕೋಳಿಗಳು, ಬಂಗಲೆಯ ಮುಂದಿನ ನಾಗಸಂಪಿಗೆ ಮರ, ಎಲ್ಲವನ್ನೂ ಕೇಳಿದರು. ಗುಡ್ಡದ ಕಲ್ಲನ್ನು ಮಾತ್ರ ಕೇಳಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ.

ಮಾರನೆಯ ಬೆಳಗ್ಗೆ ಅವರು ಕೋಲು ಹಿಡಿದು, ದಪ್ಪ ಬೂಟು ಹಾಕಿ ಸಿದ್ಧರಾಗಿ ನಿಂತಿದ್ದರು. ಕಾಡಿನಾಚೆಗೆ ಒಂದು ಕೆರೆ, ಕೆರೆಯ ದಡದಲ್ಲಿ ಅವರು ಹುಟ್ಟಿದ ಬಂಗಲೆಯ ಪಾಳು. ಅವರಿಗೆ ಅದನ್ನು ಇನ್ನೊಮ್ಮೆ ನೋಡಬೇಕು. ಎದೆ ಬಡಿತ ಸರಿಯಿಲ್ಲವೆಂದು ಅಕ್ಕಪಕ್ಕದವರು ಯಾರೂ ಹೋಗಗೊಡುತ್ತಿರಲಿಲ್ಲವಂತೆ. ಈಗ ಬೇಲಿಯಾಚೆಯ ಹೆಂಗಸಿಗೆ ನನ್ನನ್ನು ತೋರಿಸಿ, "ನೋಡು, ಇಂಡಿಯಾದಿಂದ ನನಗೋಸ್ಕರ ನರ್ಸನ್ನೇ ಕರೆಸಿಕೊಂಡಿದ್ದೇನೆ" ಎಂದು ಕೊಚ್ಚಿಕೊಂಡರು. ನಾನು ಬಂದದ್ದಕ್ಕೆ ಅವರು ಅಷ್ಟು ಸಂಭ್ರಮಪಟ್ಟಿದ್ದೇಕೆಂದು ಆಗ ಗೊತ್ತಾಯಿತು.

ಪೈನ್ ಕಾಡು

ಕಾಡು ಅಂದ ಕೂಡಲೇ ನಾನು ಕೊಡಗಿನವಳಾಗಿಬಿಟ್ಟೆ. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ದೊರೆಸಾನಿಯ ಹಳೆಯ ಗಂಬೂಟು ತೂರಿಸಿಕೊಂಡೆ. ಅಡುಗೆಮನೆಯಿಂದ ಉಪ್ಪು ಕೇಳಿ ಪಡೆದು ಬಟ್ಟೆಯಲ್ಲಿ ಕಟ್ಟಿಕೊಂಡೆ. ಮಳೆಗಾಲದ ಕಾಡಿಗೆ ಉಪ್ಪಿಲ್ಲದೆ ಹೋಗುವುದುಂಟೇ? ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಬಗ್ಗಿ ಕಾಲು ನೋಡಿಕೊಳ್ಳುತ್ತಿದ್ದೆ.

"ಏನು ಕಳಕೊಂಡೆ?" ಅಂತ ದೊರೆಸಾನಿ ಇಂಗ್ಲಿಷಿನಲ್ಲಿ ಕೇಳಿದರು.

"ಜಿಗಣೆ ನೋಡ್ತಿದ್ದೀನಿ, ಕಚ್ಚಿದ್ರೆ ಉಪ್ಪು ಹಾಕ್ಬೇಕಲ್ಲ."

ಅವರು ನಿಂತು ನಕ್ಕರು. ಆ ಕಾಡಿನಲ್ಲಿ ಜಿಗಣೆಯ ಕಾಟವೇ ಇಲ್ಲವಂತೆ. ಜಿಗಣೆಯಿಲ್ಲದ ಮಳೆಕಾಡು ನನಗೆ ಉಪ್ಪಿಲ್ಲದ ಸಾರಿನಂತೆ ಕಂಡಿತು. ಆದರೆ ಆ ದೇವರು ಯಾರನ್ನೂ ಪೂರ್ತಿ ಸುಖವಾಗಿಡುವುದಿಲ್ಲ. ಮಳೆ ನಿಂತು ಗಾಳಿ ಅಡಗಿದ್ದೇ ತಡ, ಕಣ್ಣಿಗೆ ಕಾಣದಷ್ಟು ಸಣ್ಣ ನೊರಜು ಎಲ್ಲಿಂದಲೋ ಎದ್ದು ಬಂದು ಮುಖಕ್ಕೆ ಮುತ್ತಿತು. ಜಿಗಣೆಯಾದರೆ ಸದ್ದಿಲ್ಲದೆ ಕುಡಿದು ಹೊಟ್ಟೆ ತುಂಬಿದ ಮೇಲೆ ತಾನಾಗಿ ಬಿದ್ದುಹೋಗುತ್ತದೆ. ಈ ನೊರಜಿಗೆ ಆ ಮರ್ಯಾದೆಯೂ ಇಲ್ಲ. ಸೆರಗು ತಲೆಗೆ ಸುತ್ತಿ ಕಣ್ಣು ಮಾತ್ರ ಬಿಟ್ಟುಕೊಂಡು ನಡೆದೆ. ನನ್ನ ವೇಷ ನೋಡಿ ಒಂದು ಕುರಿ ದಾರಿ ಬಿಟ್ಟು ಓಡಿತು.

ಪೈನ್ ಮರದಡಿ ನಮ್ಮ ಕಾಡಿನ ಹಾಗೆ ಬಳ್ಳಿ, ಮುಳ್ಳು, ಜೀರುಂಡೆಯ ಗಲಾಟೆ ಯಾವುದೂ ಇಲ್ಲ. ನೆಲದ ತುಂಬ ಒಣಗಿದ ಸೂಜಿಯೆಲೆ ಹಾಸಿಕೊಂಡು ಹೆಜ್ಜೆ ಸದ್ದೇ ಕೇಳುವುದಿಲ್ಲ. ದಾರಿಗೆ ಅಡ್ಡ ಬಂದ ಪ್ರತಿ ಬೇಲಿಗೂ ಒಂದು ಗೇಟು. ದಾಟಿದವರು ತಿರುಗಿ ಮುಚ್ಚಲೇಬೇಕು. ನಮ್ಮಲ್ಲಿ ಬೇಲಿಬಾಯಿಗೆ ಅಡ್ಡ ಹಾಕಿದ ಉಣಗೋಲು ಸರಿಸಿ ಹೋದವರು ಮತ್ತೆ ಹಾಕದಿದ್ದರೆ ಗದ್ದೆಯವನು ಏಳು ತಲೆಮಾರಿನ ಜಾತಕ ಬಿಚ್ಚುವುದಿಲ್ಲವೇ, ಹಾಗೆಯೇ ಅಂದುಕೊಂಡು ಎಲ್ಲವನ್ನೂ ಭದ್ರವಾಗಿ ಮುಚ್ಚಿದೆ.

ಎದುರಿಗೆ ಒಬ್ಬ ಗಂಡಸು ನಾಯಿ ಹಿಡಿದುಕೊಂಡು ಬಂದ. ದೊರೆಸಾನಿ ಅವನನ್ನು ಬಿಟ್ಟು ಮೊದಲು ನಾಯಿಯನ್ನು ಮಾತಾಡಿಸಿದರು. ಹೆಸರೇನು, ವಯಸ್ಸೆಷ್ಟು, ಕೀಲುನೋವು ಉಂಟೋ ಹೇಗೆ. ಆತ ನಾಯಿಯ ಪರವಾಗಿ ಎಲ್ಲಕ್ಕೂ ಉತ್ತರ ಕೊಟ್ಟು ಹೊರಟುಹೋದ. ಅವನ ಹೆಸರನ್ನು ಇವರು ಕೇಳಲಿಲ್ಲ, ಇವರ ಹೆಸರನ್ನು ಅವನೂ ಕೇಳಲಿಲ್ಲ. ಈ ದೇಶದಲ್ಲಿ ನನ್ನ ಜಾತಿ, ಸಂಬಳ, ಇನ್ನೂ ಯಾಕೆ ಮದುವೆಯಾಗಿಲ್ಲ ಎಂಬುದನ್ನು ಒಬ್ಬರೂ ಕೇಳಿರಲಿಲ್ಲ. ಹಾಯೆನಿಸುತ್ತಿತ್ತು, ನಿಜ. ಆದರೂ ಯಾರಿಗೂ ಬೇಡದವಳಂತೆ ಒಮ್ಮೊಮ್ಮೆ ಖಾಲಿಯೂ ಅನಿಸುತ್ತಿತ್ತು.

ಕೆರೆ

ಅಲ್ಲಿನವರು ಅದನ್ನು ಲಾಖ್ ಎನ್ನುತ್ತಾರೆ. ನೀರು ಕಾಫಿ ಡಿಕಾಕ್ಷನ್ನಿನ ಬಣ್ಣದ್ದು. ಆ ಗುಡ್ಡಗಳ ಮಣ್ಣೇ ಹಾಗಂತೆ, ಕೊಳೆತ ಪಾಚಿಯ ಕಪ್ಪು ಮಣ್ಣು. ಆಚೆ ದಡದ ಬೆಟ್ಟವೆಲ್ಲ ಪುಟ್ಟ ನೇರಳೆ ಹೂ. ನೋಡುತ್ತಾ ನಿಂತುಬಿಟ್ಟೆ. ಅವ್ವನನ್ನು ಒಂದು ಸಲ ಇಲ್ಲಿ ತಂದು ನಿಲ್ಲಿಸಬೇಕು ಎಂಬ ಆಸೆ ಸುಮ್ಮನೆ ಎದ್ದು ಬಂತು. ಅವಳು ಹಾರಂಗಿ ಹೊಳೆ ದಾಟಿದ್ದೇ ಅಪರೂಪ.

ಅಷ್ಟರಲ್ಲಿ ದೊರೆಸಾನಿ ಬೂಟು ಕಳಚಿ ನೀರಿಗಿಳಿದಿದ್ದರು.

"ಮೇಲೆ ಬನ್ನಿ ಅಮ್ಮಾ! ಎದೆಗೆ ಶೀತ ಹಿಡೀತದೆ!"

"ಸುಮ್ನಿರು!" ಅಂದರು ಕನ್ನಡದಲ್ಲಿ.

ಮೇಲೆ ಬಂದ ಮೇಲೆ ಅವರ ಕಾಲು ಒರೆಸಿದೆ. ಮಂಜಿನಷ್ಟು ತಣ್ಣಗಿದ್ದ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಾ, ಈಗ ಕೇಳಿಬಿಡಲೇ ಅಂದುಕೊಂಡೆ. ಬಾಯಿ ತೆರೆದೆ. ಅವರು ಫ್ಲಾಸ್ಕಿನಿಂದ ಟೀ ಬಗ್ಗಿಸಿ, "ಕುಡಿ!" ಅಂತ ಕೈಗಿಟ್ಟರು. ಕುಡಿದೆ. ಅವರ ಮುಖದಲ್ಲಿದ್ದ ನೆಮ್ಮದಿಯನ್ನು ಕೆಡಿಸಲು ಮನಸ್ಸಾಗಲಿಲ್ಲ. ಅವ್ವನಿಗೆ ಏನೋ ಒಂದು ಹೆಸರು ಕಟ್ಟಿ ಹೇಳಿದರಾಯಿತು ಎಂಬ ಕಳ್ಳ ಆಲೋಚನೆಯೂ ಬಂತು. ಆದರೆ ಅವ್ವ ಧೂಪದ ಮುಂದೆ ಕಣ್ಣು ಮುಚ್ಚಿ ಆ ಸುಳ್ಳು ಹೆಸರನ್ನು ಕರೆಯುವುದನ್ನು ನೆನೆದು ನನಗೇ ನಾಚಿಕೆಯಾಯಿತು.

ಸೂರಿಲ್ಲದ ಮನೆ

ನಮ್ಮ ಹಾಲೇರಿ ಅರಮನೆಯ ಪಾಳನ್ನು ನೀವು ಕಂಡಿದ್ದರೆ ಗೊತ್ತು, ಅಲ್ಲಿ ಕಾಡೇ ಮನೆಯನ್ನು ತಿಂದಿದೆ. ಇಲ್ಲಿ ಮನುಷ್ಯರೇ ಕೈಯಾರೆ ಪಾಳು ಮಾಡಿದ್ದರು. ಸೂರಿರುವ ಮನೆಗೆ ಕಂದಾಯ ಕಟ್ಟಬೇಕು, ಸೂರಿಲ್ಲದ್ದಕ್ಕೆ ಬೇಡ ಎಂಬ ಕಾಯಿದೆಯಂತೆ. ಯುದ್ಧವಾದ ಮೇಲೆ ಅಷ್ಟು ದೊಡ್ಡ ಬಂಗಲೆ ಸಾಕಲಾರದೆ ದೊರೆಸಾನಿಯ ಅಣ್ಣ ಸೂರನ್ನೇ ಕಳಚಿಸಿ ಮಾರಿಬಿಟ್ಟನಂತೆ. ಮಳೆ ಉಳಿದ ಕೆಲಸ ಮಾಡಿತು.

ಗೋಡೆಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಮಹಡಿ ಬಿದ್ದುಹೋಗಿ, ಚಳಿ ಕಾಯಿಸುವ ಒಲೆಗೂಡುಗಳು ಗೋಡೆಯಲ್ಲಿ ಒಂದರ ಮೇಲೊಂದು ತೂಗುಬಿದ್ದಿದ್ದವು. ನಡುಮನೆಯಲ್ಲಿ ಒಂದು ಬಿಳಿ ತೊಗಟೆಯ ಮರ ಬೆಳೆದಿತ್ತು. ದೊರೆಸಾನಿ ಬಾಗಿಲಿಲ್ಲದ ಬಾಗಿಲಲ್ಲಿ ಬೂಟಿನ ಕೆಸರು ಒರೆಸಿಕೊಂಡು ಒಳಗೆ ಹೋದರು. ನಾನೂ ಒರೆಸಿಕೊಂಡೆ.

"ಇಲ್ಲಿ ಊಟದ ಮೇಜು. ಅಲ್ಲಿ ಅಪ್ಪ ಪೇಪರು ಓದುತ್ತಿದ್ದರು." ಕೋಲೆತ್ತಿ ಆಕಾಶದ ಕಡೆಯ ಒಂದು ಪುಟ್ಟ ಒಲೆಗೂಡು ತೋರಿಸಿದರು. "ಅದು ಮಕ್ಕಳ ಕೋಣೆ. ನನ್ನ ತೊಟ್ಟಿಲು ಅಲ್ಲಿತ್ತು."

ಮಾತು ನನ್ನ ಬಾಯಿಂದ ತಾನೇ ಜಾರಿತು. "ಅಮ್ಮಾ, ನಮ್ಮ ಗುಡ್ಡದಲ್ಲಿ ಮಲಗಿದೆಯಲ್ಲ, ನಿಮ್ಮ ಕೂಸು, ಅದರ ಹೆಸರೇನು?"

ಅವರು ತಿರುಗಿ ನೋಡಿದರು. ನಾನು ನಿಲ್ಲಿಸಲು ಆಗದೆ ಎಲ್ಲ ಒದರಿಬಿಟ್ಟೆ. ಅವ್ವನ ಎಡೆ, ಸಾಲಿನ ಕೊನೆಯ ಎಲೆ, ಹಾಲನ್ನ, ಬಿಳಿ ಬಟ್ಟೆ, ಕೂಸು ಉಪವಾಸ ಹೋಗುತ್ತಿದೆಯೆಂಬ ಅವ್ವನ ಸಂಕಟ.

ಕೇಳುತ್ತಾ ಕೇಳುತ್ತಾ ಅವರ ಕಣ್ಣು ಅರಳಿತು. ಆಮೇಲೆ ಕಿಟಕಿಯ ಕಲ್ಲಿನ ಮೇಲೆ ಕುಸಿದು ಕೂತು ನಗತೊಡಗಿದರು. ಎದೆ ಹಿಡಿದುಕೊಂಡು ನಕ್ಕರು. ನಾನು ಗಾಬರಿಯಾಗಿ ನಾಡಿ ಹಿಡಿದೆ.

"ಬ್ರೂನೋ!" ಅಂದರು. "ಜಾನಕಿ, ಅದು ಬ್ರೂನೋ! ನಮ್ಮ ನಾಯಿ! ಚಿರತೆ ಹಿಡಿದು ಸತ್ತದ್ದು. ಅವನಿಗೆ ಹಾಲನ್ನವೇ? ಅಯ್ಯೋ, ಅವನಿಗೆ ಹಂದಿಕರಿ ಬಿಟ್ಟು ಬೇರೆ ಯಾವುದೂ ಸೇರುತ್ತಿರಲಿಲ್ಲ!"

ನನ್ನ ಕಿವಿಯೆಲ್ಲ ಬಿಸಿಯಾಯಿತು. ತಾತ, ಮುತ್ತಾತ, ದೊಡ್ಡವ್ವ ಎಲ್ಲರ ಪಂಕ್ತಿಯಲ್ಲಿ ಅಷ್ಟು ವರ್ಷ ಒಂದು ನಾಯಿಗೆ ಎಲೆ ಹಾಕಿದ್ದೆವು! ಮುತ್ತಾತನಂತೂ ಹೆಂಡತಿಯ ತಮ್ಮನನ್ನೇ ಪಕ್ಕದಲ್ಲಿ ಕೂರಗೊಡದ ಶಿಸ್ತಿನವನು. ಅವನ ಮುಖ ನೆನೆದದ್ದೇ ನನಗೂ ನಗು ಉಕ್ಕಿ ಬಂತು. ಸೂರಿಲ್ಲದ ಆ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು.

ನಗು ಇಳಿದ ಮೇಲೆ ಅವರು ಕಣ್ಣೊರೆಸಿಕೊಂಡರು. ಆಮೇಲೆ, ನೆಲ ನೋಡುತ್ತಾ, ಕನ್ನಡದಲ್ಲಿ ಅಂದರು.

"ಕೂಸು ಇತ್ತು. ಕಲ್ಲು ಇಲ್ಲ."

ಅಪ್ಪಣೆ ಕೊಡಲು ಮಾತ್ರ ಬಳಸುತ್ತಿದ್ದ ಆ ಭಾಷೆಯಲ್ಲಿ ಅವರು ಆಡಿದ ಬೇರೆ ಮಾತು ನಾನು ಕೇಳಿದ್ದು ಅದೊಂದೇ. ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ, ಸಣ್ಣ ದನಿಯಲ್ಲಿ ಹೇಳಿದರು. ನಮ್ಮಪ್ಪ ಆ ಎಸ್ಟೇಟಿಗೆ ಬರುವ ಮುಂಚಿನ ಮಾತು. ಆಷಾಢದ ಮಳೆ, ರಸ್ತೆಯ ಮೇಲೆ ಮರ ಬಿದ್ದು ಡಾಕ್ಟರು ಬರುವುದು ತಡವಾಯಿತು. ದಿನ ತುಂಬದ ಕೂಸು ಉಸಿರಿಲ್ಲದೆ ಹುಟ್ಟಿತು. ಟವಲಿನಲ್ಲಿ ಸುತ್ತಿ ಹೊರಗೆ ಒಯ್ದರು. ನೋಡಬೇಡಿ, ನೋಡಿದರೆ ಮರೆಯುವುದು ಕಷ್ಟ ಎಂದರು. ಹೆಣ್ಣು ಅಂತ ಆಯಾ ಪಿಸುಗುಟ್ಟಿದಳು, ಅಷ್ಟೇ. ಎಲ್ಲಿ ಮಣ್ಣು ಮಾಡಿದಿರಿ ಅಂತ ದೊರೆಯನ್ನು ಇವರು ಒಂದು ಸಲ ಕೇಳಿದರು. ದೊರೆ ಎದ್ದು ಹೊರಗೆ ಹೋದರು. ಇವರು ಮತ್ತೆ ಕೇಳಲಿಲ್ಲ.

"ಅದೇ ವರ್ಷ ಬ್ರೂನೋ ಸತ್ತ. ನಾಯಿಗೆ ಕಲ್ಲು ಹಾಕಿಸಲು ಯಾರೂ ಬೇಡವೆನ್ನಲಿಲ್ಲ. ಹೋಗಿ ಕೂತು ಅಳಲು ನನಗೂ ಒಂದು ಜಾಗವಾಯಿತು. ನಾಯಿಗೆ ಅಳುತ್ತಿದ್ದೇನೆಂದು ಬಂಗಲೆಯವರೆಲ್ಲ ತಿಳಿದರು. ನಿಮ್ಮ ಲೈನಿನವರಿಗೆ ಮಾತ್ರ ಹೇಗೋ ಗೊತ್ತಾಗಿಹೋಗಿದೆ ನೋಡು."

ನಾನು ಅವರ ಪಕ್ಕದಲ್ಲಿ ಕೂತೆ. ಎಡಿನ್‌ಬರೋದ ನಮ್ಮ ವಾರ್ಡಿನಲ್ಲೂ ಅದನ್ನೇ ಕಲಿಸಿದ್ದರು. ಬೇಗ ಹೊರಗೆ ಒಯ್ಯಿರಿ, ತಾಯಿ ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂದು. ಮೂವತ್ತು ವರ್ಷವಾದರೂ ಮರೆಯದ ತಾಯಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಆ ಕ್ಷಣಕ್ಕೆ ನನಗೆ ಆ ಪಾಠ ಹೇಳಿಕೊಟ್ಟವರ ಮೇಲೆಲ್ಲ ಸಿಟ್ಟು ಬಂತು. ದೊರೆಸಾನಿಯ ಮೇಲೆ, ನನ್ನ ಹೆತ್ತವ್ವನ ಮೇಲಿರುವಂಥದೇ ಅಕ್ಕರೆ ಉಕ್ಕಿತು.

"ನಾನೊಂದು ಹೆಸರಿಟ್ಟಿದ್ದೆ" ಅಂದರು. "ನನ್ನ ಗಂಡನಿಗೂ ಹೇಳಿರಲಿಲ್ಲ. ಮೈರಾ."

ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ. ಹೇಳಿ, ತಾವೇ ಇನ್ನೊಮ್ಮೆ ಹೇಳಿ ನೋಡಿದರು. "ನಿನ್ನ ತಾಯಿಗೆ ಈ ಹೆಸರು ಕೊಡು. ನಿಮ್ಮ ದೇವರು ಬೇಡವೆನ್ನದಿದ್ದರೆ, ಆ ಎಲೆ ಅವಳಿಗಾಗಲಿ."

ಬರುವಾಗ ಮಳೆ ಬಂತು. ಅವರ ಉಸಿರು ಸಾಲದೆ ಅಲ್ಲಲ್ಲಿ ಕೂತು ಕೂತು ಬಂದೆವು. ಒಂದೆರಡು ಗೇಟು ಮುಚ್ಚುವುದನ್ನು ನಾನು ಮರೆತಿರಬೇಕು. ಯಾವನೋ ಸ್ಕಾಟ್ಲೆಂಡಿನ ರೈತ ನನ್ನ ವಂಶವನ್ನು ಶಪಿಸಿರಲಿಕ್ಕೂ ಸಾಕು.

ನಮ್ಮ ಮನೆ

ಪಕ್ಷದ ಹಬ್ಬಕ್ಕೆ ಸರಿಯಾಗಿ ಊರು ತಲುಪಿದೆ. ಒಲೆ ಮುಂದೆ ಕೂತು ಎಲ್ಲ ಹೇಳಿದೆ. ಕೂಸಿನ ಮಾತಿಗೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಯಿಯ ಮಾತಿಗೆ ಅಪ್ಪ ತಲೆ ಮೇಲೆ ಕೈಯಿಟ್ಟುಕೊಂಡರು.

"ಊರೋರ ಕಿವಿಗೆ ಬಿದ್ರೆ ಮಾನ ಉಳಿಯಕ್ಕಿಲ್ಲ. ಹಿರೀಕರ ಸಾಲಲ್ಲಿ ನಾಯಿಗೆ ಎಡೆ ಇಟ್ರಂತೆ ಅಂತಾರೆ. ಈ ವರ್ಷದಿಂದ ಆ ಎಲೆ ಕೂಸಿಗೆ ಇಡು, ನಾಯಿ ಸುದ್ದಿ ಬಿಟ್ಟುಬಿಡು."

ಅವ್ವ ಬಾಳೆಲೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. "ಇಷ್ಟು ವರ್ಷ ಕೂತು ಉಂಡೋನ್ನ ಪಂಕ್ತಿಯಿಂದ ಎಬ್ಬಿಸ್ತಾರೇನ್ರೀ? ಏನ್ ಮಾತು ಅಂತ ಆಡೀರಿ!"

ಅಪ್ಪ ಎದ್ದು ಧೂಪಕ್ಕೆ ಕೆಂಡ ತರಲು ಹೋದರು. ಸಾಲಿನ ಕೊನೆಗೆ ಅವ್ವ ಎರಡು ಎಲೆ ಹಾಕಿದಳು. ಒಂದಕ್ಕೆ ಹಾಲನ್ನ, ಬೆಲ್ಲ, ಬಿಸ್ಕತ್ತು. ಹೆಣ್ಣು ಕೂಸೆಂದು ಗೊತ್ತಾದ್ದರಿಂದ ಈ ಸಲ ಪಕ್ಕದಲ್ಲಿ ಒಂದು ಹೂವಿನ ಲಂಗದ ಬಟ್ಟೆ, ಒಂದು ಜೊತೆ ಗಾಜಿನ ಬಳೆ. ಇನ್ನೊಂದಕ್ಕೆ, ಮುತ್ತಾತನಿಗೆ ಬಡಿಸಿದ ಪಾತ್ರೆಯಿಂದಲೇ ಎರಡು ಸೌಟು ಹಂದಿಕರಿ.

ಧೂಪದ ಹೊಗೆ ಎದ್ದಿತು. ಅವ್ವ ಕೈಮುಗಿದು ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕರೆದಳು. ಕೊನೆಗೆ ಬಂದಾಗ ಅವಳ ದನಿ ಸಣ್ಣದಾಯಿತು.

"ಮೈರವ್ವ, ಬಾ ಮಗಳೇ, ಉಣ್ಣು ಬಾ."

ಬಾಗಿಲು ಎಳೆದುಕೊಳ್ಳಲು ಹೋದವಳು ಮತ್ತೆ ಒಳಗೆ ಬಗ್ಗಿ, ಸಣ್ಣಗೆ ಗದರುವಂತೆ ಹೇಳಿದಳು:

"ಬ್ರೂನೋ, ನಿಂಗೆ ದಾರಿ ಗೊತ್ತಲ್ಲಪ್ಪ. ಕೂಸು ಹೊಸದು, ಹೆದರ್ಕತದೆ. ನೀನೇ ಮುಂದೆ ನಡ್ಕಂಡು ಕರ್ಕಂಡು ಬಾ."

ಆಮೇಲೆ ಬಾಗಿಲು ಮುಚ್ಚಿದಳು.